ಅವ್ವನ ತವರಿಗೆ ಎರಡು ಕಾರು

ನಮ್ಮ ಮನೆಯಲ್ಲಿ ಒಂದಾದ ಮೇಲೆ ಒಂದರಂತೆ ಎರಡು ಕಾರುಗಳಿದ್ದವು. ಮೊದಲನೆಯದು ಎಂಟು ಸಿಲಿಂಡರಿನ ಅಮೆರಿಕದ ಕಾರು. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಇತ್ತು. ಎರಡನೆಯದು ಎಂಬತ್ತರ ದಶಕದಲ್ಲಿ ಎಲ್ಲರೂ ಹುಚ್ಚೆದ್ದು ಬುಕ್ ಮಾಡಿದ ಸಣ್ಣ ಕಾರು, ಬೆನ್ನಿಗೂ ಒಂದು ಬಾಗಿಲು ಇರುವಂಥದ್ದು. ಯಾವುದು ಚಲೋ ಎಂಬ ಮಾತು ಬಂದರೆ ನಮ್ಮ ಮನೆಯ ಗಂಡಸರು ಇಂದಿಗೂ ಊಟ ಬಿಟ್ಟು ಜಗಳಕ್ಕೆ ಕೂರುತ್ತಾರೆ. ಎಂಜಿನ್ನಿನ ಬಲ ಅನ್ನುತ್ತಾರೆ, ಓಟ ಅನ್ನುತ್ತಾರೆ, ತಗಡಿನ ದಪ್ಪ ಅನ್ನುತ್ತಾರೆ. ನನಗೆ ಅದರಲ್ಲಿ ಯಾವುದೂ ಬೇಕಿಲ್ಲ. ಯಾವ ಕಾರು ನಮ್ಮ ಅವ್ವನನ್ನು ಅವಳ ತವರಿಗೆ ಚೆನ್ನಾಗಿ ಮುಟ್ಟಿಸಿತು ಎಂಬುದಷ್ಟೇ ನನ್ನ ಪ್ರಶ್ನೆ. ಅದಕ್ಕೆ ಉತ್ತರ ನನಗೆ ಗೊತ್ತಿದೆ ಎಂದು ಬಹಳ ವರ್ಷ ಜಂಬದಿಂದ ಓಡಾಡಿದೆ. ಆ ಜಂಬ ಇಳಿದದ್ದು ಹೇಗೆ ಅನ್ನುವುದನ್ನು ಬರೆಯುತ್ತೇನೆ.

ನಾವು ಕುರುಗೋಡಿನವರು. ಅಪ್ಪನದು ಹತ್ತಿಯ ವ್ಯಾಪಾರ, ವಾರದಲ್ಲಿ ನಾಲ್ಕು ದಿನ ಬಳ್ಳಾರಿಯಲ್ಲೇ ಕಳೆಯುತ್ತಿದ್ದರು. ಅರವತ್ತರ ದಶಕದ ನಡುವೆ, ನನಗೆ ಎಂಟೋ ಒಂಬತ್ತೋ ಆಗಿದ್ದಾಗ, ಮದ್ರಾಸಿನಲ್ಲಿ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಇಂಜಿನಿಯರನಿಂದ ಆ ದೊಡ್ಡ ಕಾರನ್ನು ಕೊಂಡು ತಂದರು. ನವಿಲಿನ ಕತ್ತಿನ ಬಣ್ಣ. ಬಾನೆಟ್ಟಿನ ಮೇಲೆ ಇಬ್ಬರು ಆರಾಮವಾಗಿ ಮಲಗಬಹುದಿತ್ತು. ಚಾಲೂ ಮಾಡಿದರೆ ಗುಡಿಯ ಪಾರಿವಾಳಗಳು ಒಮ್ಮೆಗೇ ಮೇಲೇಳುತ್ತಿದ್ದವು. ನಮ್ಮ ಓಣಿಯೊಳಗೆ ಅದು ಹಿಡಿಸುತ್ತಿರಲಿಲ್ಲ, ಆದ್ದರಿಂದ ಓಣಿಯ ಬಾಯಲ್ಲೇ ನಿಲ್ಲಿಸಿ, ಗೋಣಿತಟ್ಟು ಹೊಲಿದು ಮಾಡಿದ ಹೊದಿಕೆ ಹೊದಿಸುತ್ತಿದ್ದೆವು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದರು, ಆ ಕಾರಿನ ರಿಪೇರಿ ಎಲ್ಲ ಅವರದೇ. ಬಾನೆಟ್ ಎತ್ತಿದಾಗಲೆಲ್ಲ "ಸೇಠ್, ಇದು ಗಾಡಿ ಅಲ್ರಿ, ಹುಲಿ ಐತಿ" ಎನ್ನುತ್ತಿದ್ದರು. ಅಪ್ಪ ಅದನ್ನು ಕೇಳಲೆಂದೇ ಏನಾದರೂ ನೆಪ ತೆಗೆದು ಅಲ್ಲಿಗೆ ಹೋಗುತ್ತಿದ್ದರೋ ಏನೋ ಎಂದು ನನಗೆ ಅನುಮಾನ.

ಆ ಕಾರಿನ ಸ್ಟೇರಿಂಗ್ ಎಡಗಡೆ ಇತ್ತು. ನಮ್ಮ ರಸ್ತೆಯಲ್ಲಿ ಎಡಕ್ಕೆ ಕೂತು ಓಡಿಸುವವನಿಗೆ ಮುಂದಿನ ಲಾರಿಯ ಆಚೆಗೆ ಏನು ಬರುತ್ತಿದೆ ಎಂದು ಕಾಣುವುದಿಲ್ಲ. ಅದಕ್ಕೇ ಮುಂದಿನ ಸೀಟಿನಲ್ಲಿ ಬಲಗಡೆ ಕೂತವರು ಕತ್ತು ಚಾಚಿ ನೋಡಿ "ತಡೀರಿ" ಎಂದೋ "ಖಾಲಿ" ಎಂದೋ ಹೇಳಬೇಕಿತ್ತು. "ಖಾಲಿ" ಎಂದರೆ ಮಾತ್ರ ಅಪ್ಪ ಮುಂದೆ ನುಗ್ಗುತ್ತಿದ್ದರು. ಆ ಕೆಲಸ ನನ್ನದಾಗಿತ್ತು. ಎಂಟು ಸಿಲಿಂಡರಿನ ಹುಲಿ ಒಂಬತ್ತು ವರ್ಷದ ಹುಡುಗಿಯ ಮಾತಿನ ಮೇಲೆ ನಿಲ್ಲುತ್ತಿತ್ತು, ಓಡುತ್ತಿತ್ತು. ಮೊದಲೇ ನನ್ನದು ದರ್ಪದ ಸ್ವಭಾವ. ಈ ಅಧಿಕಾರ ಸಿಕ್ಕ ಮೇಲೆ ಕೇಳಬೇಕೆ? ಸಾಲಿಯಲ್ಲೂ ಗೆಳತಿಯರಿಗೆ ತಡಿ, ಹೋಗು ಎಂದು ಅಪ್ಪಣೆ ಕೊಡುತ್ತಿದ್ದೆ.

ಅವ್ವ ಮಾತ್ರ ಕಿಟಕಿಗಳಿಗೆ ಪರದೆ ಕಟ್ಟಿದ ಹಿಂದಿನ ಸೀಟಿನಲ್ಲಿ, ನಡುವೆ ಕೂರುತ್ತಿದ್ದಳು. ಒಂದು ಪಕ್ಕಕ್ಕೆ ಅಪ್ಪನ ತಾಯಿ, ಅಂದರೆ ನಮ್ಮ ಕುರುಗೋಡಿನ ಅಜ್ಜಿ. ಇನ್ನೊಂದು ಪಕ್ಕಕ್ಕೆ ಬುಟ್ಟಿ, ಗಂಟು, ಉಂಡಿ ತುಂಬಿದ ಡಬ್ಬಿ. ಆ ಕಾರಿನ ಸ್ಪ್ರಿಂಗುಗಳು ಬಹಳ ಮೆತ್ತಗಿದ್ದವು. ಸಣ್ಣ ತಗ್ಗು ಬಂದರೂ ಇಡೀ ಕಾರು ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತಿತ್ತು. ಊರ ಹೆಣ್ಣುಮಕ್ಕಳೆಲ್ಲ ಅದರ ಸುಖವನ್ನೇ ಹೊಗಳುತ್ತಿದ್ದರು. ಅವ್ವನಿಗೆ ಅದೇ ಶತ್ರು. ಊರು ದಾಟುವಷ್ಟರಲ್ಲಿ ಅವಳ ಹೊಟ್ಟೆ ತೊಳಸುತ್ತಿತ್ತು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡು, ತಲೆ ತಗ್ಗಿಸಿ ಕೂತುಬಿಡುತ್ತಿದ್ದಳು. ಸಿರುಗುಪ್ಪ ಮುಟ್ಟುವುದರೊಳಗೆ ಮೂರು ಸಲವಾದರೂ ಕಾರು ನಿಲ್ಲಿಸಬೇಕಾಗುತ್ತಿತ್ತು.

ಸಿರುಗುಪ್ಪ ಅವ್ವನ ತವರು. ಅಲ್ಲಿ ಅವಳ ತಾಯಿ ಇದ್ದರು, ಅಣ್ಣ ಇದ್ದರು, ಹಿತ್ತಲಲ್ಲಿ ದೊಡ್ಡ ಬೇವಿನ ಮರ ಇತ್ತು. ವರ್ಷಕ್ಕೆ ಎರಡೇ ಸಲ, ಪಂಚಮಿಗೆ ಮತ್ತು ದೀಪಾವಳಿಗೆ ಅವಳನ್ನು ಕಳಿಸುತ್ತಿದ್ದರು. ಅದೂ ಎರಡು ದಿನಕ್ಕೆ. ಎರಡು ದಿನ ಅಂದರೆ ಎರಡೇ ದಿನ. ಕುರುಗೋಡಿನ ಅಜ್ಜಿಯ ಬಾಯಿಂದ ಒಮ್ಮೆ ಬಂದ ಮಾತನ್ನು ಬದಲಿಸುವ ಧೈರ್ಯ ಅಪ್ಪನಿಗೂ ಇರಲಿಲ್ಲ. ಅಷ್ಟು ಆಸೆಪಟ್ಟು ಹೋಗುವ ಆ ಎರಡು ದಿನಕ್ಕೆ ಅವ್ವ ಅರೆಜೀವವಾಗಿ ಮುಟ್ಟುತ್ತಿದ್ದುದನ್ನು ನೋಡಿದರೆ ನನಗೆ ಅಳು ಬರುತ್ತಿತ್ತು. ಸೋದರಮಾವ ಪಡಸಾಲೆಯಲ್ಲಿ ಹೊರಸು ಹಾಕಿ, ಮಜ್ಜಿಗೆ ಹಿಡಿದು ಕಾಯುತ್ತಿದ್ದರು. ಅವ್ವ ಯಾರ ಮುಖವನ್ನೂ ನೋಡದೆ ಹೋಗಿ ಅದರ ಮೇಲೆ ಬೀಳುತ್ತಿದ್ದಳು. ನಾನೂ ಅಪ್ಪನೂ ಕುರುಗೋಡಿನ ಅಜ್ಜಿಯೂ ಊಟ ಮಾಡಿ ಸಂಜೆಗೆ ವಾಪಸ್ಸು ಹೊರಡುವಾಗಲೂ ಅವಳು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ನನ್ನ ಕಣ್ಣಲ್ಲಿ ಉಳಿದದ್ದು ಆ ಬೆನ್ನು.

ಮೂರನೆಯ ದಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮಾವನ ಚೀಟಿ ಬರುತ್ತಿತ್ತು: ಇನ್ನೂ ಚೇತರಿಸಿಕೊಂಡಿಲ್ಲ, ಎರಡು ದಿನ ತಡೆದು ಬರ್ರಿ. ಮತ್ತೆರಡು ದಿನಕ್ಕೆ ಇನ್ನೊಂದು ಚೀಟಿ. ಹೀಗೆ ಎಂಟು ದಿನ ಆಗಿಬಿಡುತ್ತಿತ್ತು. "ಅಕಿ ಹೊಟ್ಟಿ ಏನ್ ಗಾಜಿಂದೇನು?" ಎಂದು ಕುರುಗೋಡಿನ ಅಜ್ಜಿ ಗೊಣಗುತ್ತಿದ್ದರು. ಆದರೆ ಪಕ್ಕದಲ್ಲೇ ಕೂತು ಅವಳ ಅವಸ್ಥೆ ಕಣ್ಣಾರೆ ಕಂಡವರು ಹೆಚ್ಚು ಮಾತಾಡುವಂತಿರಲಿಲ್ಲ. ನಾನು ಮಾತ್ರ ಆ ಎಂಟು ದಿನವೂ ಹೊರಸು, ಮಜ್ಜಿಗೆ, ಗೋಡೆಯ ಕಡೆಗಿನ ಬೆನ್ನು ಇದನ್ನೇ ನೆನೆಯುತ್ತ ಉಣ್ಣುತ್ತಿದ್ದೆ.

ಬಸ್ಸಿನಲ್ಲಿ ಹೋದರೆ ಅವ್ವನಿಗೆ ಏನೂ ಆಗುತ್ತಿರಲಿಲ್ಲ. ಆದರೆ ಕಾರಿದ್ದ ಮನೆಯ ಸೊಸೆ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಊರಲ್ಲಿ ಮುಖ ತೋರಿಸುವುದು ಹೇಗೆ? ಬಳ್ಳಾರಿಯ ಡಾಕ್ಟರೊಬ್ಬರು "ಮುಂದ ಕೂಡಿಸ್ರಿ, ರಸ್ತಾ ನೋಡ್ಕೊಂತ ಹೋದ್ರ ವಾಂತಿ ಬರಂಗಿಲ್ಲ" ಎಂದು ಹೇಳಿದ್ದರು. ಅದನ್ನು ಕೇಳಿ ಕುರುಗೋಡಿನ ಅಜ್ಜಿ ಡಾಕ್ಟರನ್ನೇ ಬದಲಿಸಿದರು. ಹೆಂಡತಿ ಗಂಡನ ಮಗ್ಗಲಿಗೆ ಕೂತು ಊರ ನಡುವೆ ಮೆರೆಯುವುದು ಅವರ ಪ್ರಕಾರ ವಾಂತಿಗಿಂತ ದೊಡ್ಡ ರೋಗ. ಆ ಸೀಟಿನಲ್ಲಿ ಕೂತಿದ್ದವಳು ನಾನು. ಒಂದು ದಿನವೂ ಎದ್ದು "ನೀನು ಬಾರವ್ವ" ಅನ್ನಲಿಲ್ಲ. ಅಂದಿದ್ದರೂ ಏನೂ ಬದಲಾಗುತ್ತಿರಲಿಲ್ಲ ನಿಜ, ಆದರೂ ಅನ್ನಬೇಕಿತ್ತು.

ನಾನು ಓದಿ, ಬಳ್ಳಾರಿಯಲ್ಲಿ ಹೈಸ್ಕೂಲು ಮಾಸ್ತರಿಣಿಯಾದೆ. ಕುರುಗೋಡಿನ ಅಜ್ಜಿ ತೀರಿಕೊಂಡರು. ದೊಡ್ಡ ಕಾರಿಗೆ ಮುಪ್ಪು ಬಂತು. ಬಾಗಿಲು ಕಿರುಗುಟ್ಟಿತು, ಪೆಟ್ರೋಲು ಮಾತ್ರ ಹರೆಯದಲ್ಲಿ ಕುಡಿದದ್ದಕ್ಕಿಂತ ಹೆಚ್ಚು ಕುಡಿಯತೊಡಗಿತು. ಅವ್ವ ಆಗಲೂ ವರ್ಷಕ್ಕೆ ಎರಡೇ ಸಲ, ಅದೇ ಹಿಂದಿನ ಸೀಟಿನಲ್ಲಿ, ಅದೇ ನಿಂಬೆಹಣ್ಣು ಹಿಡಿದು ಹೋಗುತ್ತಿದ್ದಳು. ಬೇಡ ಎನ್ನುವವರು ಇರಲಿಲ್ಲ, ಆದರೆ ಅಪ್ಪಣೆ ಕೇಳುವ ರೂಢಿ ಅವಳನ್ನು ಬಿಟ್ಟಿರಲಿಲ್ಲ.

ಅಷ್ಟರಲ್ಲಿ ನಮ್ಮ ಸ್ಕೂಲಿನ ಜೊತೆಗಾರ್ತಿಯೊಬ್ಬಳ ಮನೆಗೆ ಹೊಸ ಸಣ್ಣ ಕಾರು ಬಂತು. ಒಂದು ಭಾನುವಾರ ಅದರಲ್ಲಿ ಸಂಗನಕಲ್ಲಿನವರೆಗೂ ಹೋಗಿ ಬಂದೆವು. ತೂಗಾಟ ಇಲ್ಲ, ಓಲಾಟ ಇಲ್ಲ. ತಗ್ಗು ಬಂದರೆ ಟಣ್ ಎಂದು ಕುಕ್ಕಿ, ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ಅವ್ವನಿಗೆ ಬೇಕಾದದ್ದು ಇದೇ ಎಂದು ಆವತ್ತೇ ತೀರ್ಮಾನಿಸಿದೆ. ಅಪ್ಪನ ಹಿಂದೆ ಬಿದ್ದೆ. ಅವರು "ನೋಡೋಣ" ಎಂದರು. ಆರು ತಿಂಗಳು "ನೋಡೋಣ" ಎಂದರು. ಮಾತಿಗೆ ಮಾತು ಬೆಳೆದು ಒಂದು ದಿನ ನಾನು ಸಿಟ್ಟಿನಲ್ಲಿ ಅಂದುಬಿಟ್ಟೆ:

"ನಿಮಗ ಅವ್ವನಕಿಂತ ಆ ಕಾರ ಹೆಚ್ಚಾತು. ಇಪ್ಪತ್ತು ವರ್ಷ ಅಕಿ ವಾಂತಿ ಮಾಡ್ಕೊಂಡಿದ್ದು ನಿಮಗ ಕಾಣಲಿಲ್ಲ, ಜನ ತಿರುಗಿ ನೋಡಿದ್ದು ಕಂಡ್ತು."

ಅಪ್ಪ ಏನೂ ಹೇಳಲಿಲ್ಲ. ಮೂರನೆಯ ದಿನ ಬಳ್ಳಾರಿಗೆ ಹೋಗಿ ಸಣ್ಣ ಕಾರನ್ನು ಬುಕ್ ಮಾಡಿ ಬಂದರು. ಅದು ಬರಲು ಬಹಳ ತಿಂಗಳು ಹಿಡಿಯಿತು. ಬಂದ ವಾರವೇ ದೊಡ್ಡ ಕಾರನ್ನು ಗುಂತಕಲ್ಲಿನವರೊಬ್ಬರು ಒಯ್ದರು. ಅದು ಓಣಿಯ ಬಾಯಿಂದ ಹೊರಡುವಾಗ ಅಪ್ಪ ಹೊರಗೆ ಬರಲಿಲ್ಲ, ಒಳಗೆ ಗಡ್ಡ ಹೆರೆದುಕೊಳ್ಳುತ್ತ ಕೂತಿದ್ದರು. ನಾನು ಗೆದ್ದೆ ಅಂದುಕೊಂಡೆ.

ಹೊಸ ಕಾರು ಓಣಿಯೊಳಗೆ ಸೀದಾ ಬಂದು ನಮ್ಮ ಕಟ್ಟೆಗೆ ತಾಗಿ ನಿಂತಿತು. ಅಪ್ಪ ಅದರ ಸುತ್ತ ಎರಡು ಸುತ್ತು ಹಾಕಿ, ಹಿಂದಿನ ಬಾಗಿಲನ್ನು ಮೇಲಕ್ಕೆತ್ತಿ, "ಇದರ ಡಿಕ್ಕಿಯೊಳಗ ನಿಂತ್ರ ಸೀಟಿನ ಮ್ಯಾಲ ಕುಂತಾವ್ರ ಜುಟ್ಟ ಹಿಡೀಬಹುದು" ಎಂದರು. ಕೌಲ್ ಬಜಾರಿನ ಮಿಸ್ತ್ರಿ ಬಾನೆಟ್ ತೆಗೆದು, ಮೂರೇ ಸಿಲಿಂಡರಿನ ಎಂಜಿನ್ನು ಅಡ್ಡ ಮಲಗಿರುವುದನ್ನು ಬಹಳ ಹೊತ್ತು ನೋಡಿ, "ಸೇಠ್, ಇದಕ್ಕ ನನ್ನ ಕೈ ಹೋಗೂದಿಲ್ಲ. ನನ್ನ ಮಮ್ಮಗನ್ನ ಕಳಿಸ್ತೀನಿ" ಎಂದರಂತೆ. ಇಬ್ಬರೂ ಚಹಾ ಕುಡಿದು ಹಳೆಯದನ್ನೇ ಮಾತಾಡಿ ಎದ್ದರಂತೆ.

ಆ ವರ್ಷದ ಪಂಚಮಿಗೆ ನಾನು ರಜೆ ಹಾಕಿ ಕುರುಗೋಡಿಗೆ ಹೋದೆ. ಅವ್ವ ವಾಂತಿಯಿಲ್ಲದೆ ಸಿರುಗುಪ್ಪಕ್ಕೆ ಹೋಗುವುದನ್ನು ಕಣ್ಣಾರೆ ನೋಡಬೇಕಿತ್ತು. ಹೊರಡುವಾಗ ಅಪ್ಪ ಇಪ್ಪತ್ತು ವರ್ಷದ ರೂಢಿಯಂತೆ ಎಡಗಡೆಯ ಬಾಗಿಲು ತೆಗೆದು ಗಂಭೀರವಾಗಿ ಕೂತು, ಸ್ಟೇರಿಂಗ್ ಹಿಡಿಯಲು ಕೈ ಚಾಚಿದರು. ಅಲ್ಲಿ ಏನೂ ಇರಲಿಲ್ಲ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳೂ ರೂಢಿಯಂತೆ ಹಿಂದಿನ ಬಾಗಿಲಿಗೇ ಕೈ ಹಾಕಿದ್ದಳು. ನಾನು ಅವಳ ಕೈ ಹಿಡಿದು ಮುಂದೆ ಕೂರಿಸಿದೆ. ಕೂರುವ ಮುನ್ನ ಅವಳು ಒಮ್ಮೆ ಮನೆಯ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

ಮೊಣಕಾಲು ಎದೆಗೆ ತಾಗಿಸಿಕೊಂಡು ನಾನು ಹಿಂದೆ ಕೂತೆ. ನನ್ನ ತಂದೆತಾಯಿಯ ಎರಡು ತಲೆಗಳನ್ನು ಒಂದರ ಪಕ್ಕ ಒಂದು ನೋಡಿದ್ದು ಅದೇ ಮೊದಲು. ಕಾಲುವೆ ಬಂತು, ಎರಡೂ ಕಡೆ ನಾಟಿ ಮಾಡಿದ ಭತ್ತದ ಗದ್ದೆ ಬಂತು. ಅವ್ವ ಮೊದಲು ಕಣ್ಣು ಮುಚ್ಚಿಕೊಂಡಿದ್ದಳು, ಆಮೇಲೆ ಒಂದು ತೆರೆದಳು, ಆಮೇಲೆ ಎರಡೂ. ತೆಕ್ಕಲಕೋಟೆ ಹತ್ತಿರ ಬಂದಾಗ ಕೇಳಿದಳು:

"ಈ ಗುಡ್ಡ ಯಾವಾಗ ಬಂದ್ವುರಿ?"

"ಮೊದಲಿಂದ ಅದಾವು" ಎಂದರು ಅಪ್ಪ.

"ನಾ ನೋಡೇ ಇಲ್ಲ."

ಅಪ್ಪ ಕಾರಿನ ವೇಗ ಇಳಿಸಿದರು. ಗುಡ್ಡ ಪೂರ್ತಿ ಹಿಂದಾಗುವವರೆಗೂ ಅವ್ವ ಕತ್ತು ತಿರುಗಿಸಿ ನೋಡಿದಳು. ಒಂದು ಸಲವೂ ಕಾರು ನಿಲ್ಲಿಸಲಿಲ್ಲ. ನನಗೆ ಎಷ್ಟು ಸಂತೋಷ ಆಗಿತ್ತೆಂದರೆ, ಹಿಂದೆ ಕೂತು ಸುಮ್ಮನೆ ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಸಿರುಗುಪ್ಪದ ಮನೆಯಲ್ಲಿ ಮಾವ ಹೊರಸು ಹಾಕಿ, ಮಜ್ಜಿಗೆ ಹಿಡಿದು ನಿಂತಿದ್ದರು. ಅವ್ವ ಚಪ್ಪಲಿ ಬಿಟ್ಟು ಅವರನ್ನು ದಾಟಿ ಸೀದಾ ಅಡುಗೆಮನೆಗೆ ನಡೆದಳು. ಮಜ್ಜಿಗೆಯನ್ನು ಏನು ಮಾಡಬೇಕೆಂದು ತಿಳಿಯದೆ ಕಡೆಗೆ ಮಾವನೇ ಕುಡಿದರು. ಎಂಬತ್ತರ ಹತ್ತಿರವಿದ್ದ ಸಿರುಗುಪ್ಪದ ಅಜ್ಜಿ ಮಗಳ ಗದ್ದ ಹಿಡಿದು ನೋಡಿದ್ದೂ ನೋಡಿದ್ದೇ. ಅವ್ವ ಉಂಡಳು, ಅತ್ತಿಗೆಯ ಜೊತೆ ಹರಟಿದಳು, ಅಜ್ಜಿಯ ತಲೆಗೆ ಎಣ್ಣೆ ಹಚ್ಚಿದಳು. ಮಧ್ಯಾಹ್ನ ಇಳಿಯುತ್ತಿದ್ದಂತೆ ಎದ್ದು ಸೆರಗು ಝಾಡಿಸಿಕೊಂಡು ಅಂದಳು:

"ನಾನೂ ಇವ್ರ ಜೋಡೀನ ಸಂಜಿಗೆ ಹೊಂಡ್ತೀನವ್ವಾ. ಮನ್ಯಾಗ ಎಮ್ಮಿ ಹಿಂಡೋರಿಲ್ಲ. ಈಗ ನನಗೇನೂ ಆಗೂದಿಲ್ಲಲ್ಲ, ಮತ್ತ ಯಾವಾಗ ಬೇಕಾದ್ರೂ ಬರಬಹುದು."

ಅಜ್ಜಿ ಎದ್ದು ಒಳಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು. ಅಳಿಯನ ಎದುರು ನಿಂತು ಮಾತಾಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಏನಿದ್ದರೂ ಬಾಗಿಲ ಮರೆಯಲ್ಲಿ ನಿಂತು, ಬೇರೆಯವರಿಗೆ ಹೇಳಿದಂತೆ ಹೇಳಬೇಕು. ನಾನು ಹೋದೆ. ಅಜ್ಜಿಯ ಕಣ್ಣು ಒದ್ದೆಯಾಗಿತ್ತು, ದನಿಯಲ್ಲಿ ಮಾತ್ರ ಸಿಟ್ಟಿತ್ತು.

"ನಿಮ್ಮಪ್ಪಗ ಕೇಳು, ಆ ದೊಡ್ಡ ಕಾರ ಯಾಕ ಮಾರಿದ್ರು ಅಂತ. ಅದು ನನ್ನ ಮಗಳನ್ನ ಸುಸ್ತ ಮಾಡಿ ತರ್ತಿತ್ತು, ಆದ್ರ ತಂದು ನನ್ನ ಕೈಯಾಗ ಕೊಡ್ತಿತ್ತು. ಇದು ತೋರಿಸಿ, ಹಂಗ ಕರ್ಕೊಂಡು ಹೊಂಟೈತಿ."

"ಅಜ್ಜಿ, ಅವ್ವ ಎಂಟ ಎಂಟ ದಿನ ಏಳಾಕ ಆಗದ ಮಲಗಿರ್ತಿದ್ಲಲ್ಲ" ಎಂದೆ.

"ಯಾರು ಹೇಳಿದ್ರಲೇ ಹುಚ್ಚಿ? ಒಂದ ರಾತ್ರಿ ನಿದ್ದಿ ಮಾಡಿದ್ರ ಎಲ್ಲಾ ಇಳೀತಿತ್ತು. ಮರುದಿನ ಮುಂಜಾನಿ ಬೇವಿನ ಗಿಡದಾಗ ಜೋಕಾಲಿ ಜೀಕಾಕ ನಿಲ್ತಿದ್ಲು. ಚೀಟಿ ನಿಮ್ಮ ಮಾವನ ಕೈಲೆ ನಾನ ಬರಸ್ತಿದ್ದೆ."

ಇಪ್ಪತ್ತು ವರ್ಷ ಯಾವ ಬೆನ್ನನ್ನು ನೆನೆದು ಮರುಗಿದ್ದೆನೋ, ಅದು ಮರುದಿನ ಜೋಕಾಲಿಯ ಮೇಲೆ ಇರುತ್ತಿತ್ತು! ನಾನು ದೊಡ್ಡ ಉಪಕಾರ ಮಾಡಿದೆನೆಂದು ಬೀಗಿ, ಅವ್ವನ ತವರಿನ ದಿನಗಳನ್ನೇ ಕಿತ್ತುಕೊಂಡಿದ್ದೆ. ನಾಚಿಕೆಯಾಯಿತು. ಜೊತೆಗೆ, ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು.

ಹೊರಗೆ ಅಪ್ಪ ಕಾರಿನ ಗಾಜು ಒರೆಸುತ್ತಿದ್ದರು. ಒಳಗಿನ ಮಾತು ಅವರಿಗೆ ಕೇಳಿಸಿತ್ತು. ಅಜ್ಜಿ ಕೇಳಿಸಲೆಂದೇ ಆಡಿದ್ದರು.

"ನಿಮಗ ಇದು ಗೊತ್ತಿತ್ತೇನು?" ಎಂದೆ.

"ಮೊದಲನೇ ವರ್ಷದಿಂದ" ಎಂದರು, ಒರೆಸುವುದನ್ನು ನಿಲ್ಲಿಸದೆ. "ಮೂರನೇ ದಿನ ಹತ್ತಿ ನೋಡಾಕ ಈ ಕಡೆ ಬಂದಿದ್ದೆ. ಹೆಂಗದಾಳ ನೋಡೋಣ ಅಂತ ಹಿತ್ತಲ ಬಾಗ್ಲಿಗೆ ಹೋದ್ರ, ನಿಮ್ಮವ್ವ ಜೋಕಾಲಿ ಮ್ಯಾಲ ಇದ್ಲು. ಹಂಗ ನಗೂದನ್ನ ನಮ್ಮ ಮನ್ಯಾಗ ನಾ ನೋಡೇ ಇರಲಿಲ್ಲ. ಸಪ್ಪಳ ಮಾಡ್ದ ತಿರುಗಿ ಹೋದೆ. ಮನಿಗೆ ಹೋಗಿ, ಇನ್ನೂ ಮಲಗ್ಯಾಳ ಅಂತ ನಮ್ಮಮ್ಮಗ ಹೇಳಿದೆ."

"ಕುರುಗೋಡಿನ ಅಜ್ಜಿ ತೀರಿಕೊಂಡ ಮ್ಯಾಲಾದ್ರೂ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ, ಇರು ಅಂತ."

"ಹೇಳಬಹುದಿತ್ತು" ಎಂದರು. "ಹೇಳಾಕ ಬರಲಿಲ್ಲ. ಕಾರು ಇತ್ತು, ಅದು ನಡಸ್ಕೊಂಡು ಹೋಗ್ತಿತ್ತು."

"ನಾ ಅಷ್ಟು ಮಾತಾಡಿದಾಗ ಯಾಕ ಸುಮ್ಮನಿದ್ರಿ?"

"ನೀ ಹೇಳಿದ್ದೂ ಖರೇನ ಇತ್ತಲ್ಲ. ಅಕಿ ಒದ್ದಾಡೂದು ನನಗ ಕಾರಿನ ಕನ್ನಡ್ಯಾಗ ಕಾಣ್ತಿತ್ತು."

ಅವರ ಕೈಯಿಂದ ಬಟ್ಟೆ ತೆಗೆದುಕೊಂಡು, ಮೊದಲೇ ಫಳಫಳ ಎನ್ನುತ್ತಿದ್ದ ಗಾಜನ್ನು ನಾನೂ ಸ್ವಲ್ಪ ಒರೆಸಿದೆ.

ಅಷ್ಟರಲ್ಲಿ ಅವ್ವ ಹೊರಗೆ ಬಂದಳು. ಅಜ್ಜಿ ಅವಳ ಉಡಿ ತುಂಬಿದ್ದರು. ಹಣೆಯಲ್ಲಿ ಹೊಸ ಕುಂಕುಮ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು. ಅಜ್ಜಿ ಹೊಸ್ತಿಲ ಒಳಗೇ ನಿಂತರು. ಅವ್ವ ಮುಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ತಾಯಿಯ ಕಡೆ ನೋಡಬಾರದೆಂದು ಮುಂದೆ ರಸ್ತೆಯನ್ನೇ ನೋಡತೊಡಗಿದಳು. ನಾನು ಹಿಂದೆ ಕೂತೆ. ಅಪ್ಪ ಕೀಲಿಕೈ ಹಾಕಿದರು, ಆದರೆ ತಿರುಗಿಸಲಿಲ್ಲ. ಆಮೇಲೆ ಅವ್ವನ ಕಡೆ ತಿರುಗಿ ಕೇಳಿದರು:

"ಇರ್ತೀಯೇನು?"

ಅವ್ವನಿಗೆ ಅರ್ಥವಾಗಲಿಲ್ಲ. "ಯಾಕ್ರಿ? ನನಗೇನಾಗೇತಿ?" ಎಂದಳು.

"ಏನೂ ಆಗಿಲ್ಲ. ಅದಕ್ಕ ಕೇಳಾಕತ್ತೀನಿ."

ಅವ್ವ ಅಪ್ಪನ ಮುಖವನ್ನು ನೋಡಿದಳು. ಎಮ್ಮೆಯ ಮಾತು ಬಾಯಿಗೆ ಬಂದದ್ದು ನನಗೆ ಕಂಡಿತು, ಅದನ್ನು ನುಂಗಿದ್ದೂ ಕಂಡಿತು. ಅವಳು ಉಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಬಾಗಿಲು ತೆಗೆಯಲು ನೋಡಿದಳು. ಹೊಸ ಕಾರಿನ ಹಿಡಿಕೆ ಎಲ್ಲಿದೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಅಪ್ಪ ಬಗ್ಗಿ ತೆಗೆದುಕೊಟ್ಟರು.

ಅವ್ವ ಆ ಸಲ ಒಂಬತ್ತು ದಿನ ಸಿರುಗುಪ್ಪದಲ್ಲಿದ್ದಳು. ಚೀಟಿ ಬರಲಿಲ್ಲ, ಯಾರೂ ಕಾರಣ ಕೇಳಲಿಲ್ಲ. ಕುರುಗೋಡಿನಲ್ಲಿ ಅಪ್ಪ ಎಮ್ಮೆ ಹಿಂಡುವುದನ್ನು ಕಲಿತರು.